ಹಲಗೆಯ ಹಿಂಬದಿ

ಒಂದು ಊರಿತ್ತು. ಎಲ್ಲಿತ್ತು ಅಂತ ಕೇಳಬೇಡಿ. ಹೇಳಿದರೆ ನೋಡಿ ಬರ್ತೀವಿ ಅಂತ ಹೊರಟೇಬಿಡುತ್ತೀರಿ, ಅಲ್ಲಿಗೆ ಹೋದವರು ಯಾಕೆ ಬಂದೆವು ಅನ್ನುವುದನ್ನೇ ಮರೆತು ಅಲ್ಲೇ ಉಳಿದುಬಿಡುತ್ತಾರೆ. ಆ ಊರಲ್ಲೂ ಮಳೆ ಬರುತ್ತಿತ್ತು, ರಾಗಿ ತೆನೆ ಕಟ್ಟುತ್ತಿತ್ತು, ಮಕ್ಕಳು ಹುಟ್ಟುತ್ತಿದ್ದವು, ಮುದುಕರು ಸಾಯುತ್ತಿದ್ದರು. ಒಂದು ಮಾತ್ರ ಬೇರೆ. ಅಲ್ಲಿ ಯಾರೂ ಅಳುತ್ತಿರಲಿಲ್ಲ.

ಊರ ನಡುವೆ ಒಂದು ಕಲ್ಲುಕಂಬ. ಕಂಬದಲ್ಲಿ ಒಂದು ಕಬ್ಬಿಣದ ಕೊಕ್ಕೆ. ಕೊಕ್ಕೆಯಲ್ಲಿ ಒಂದು ಹಲಗೆ. ಅದಕ್ಕೆ ಅಳತೆಯ ಹಲಗೆ ಅನ್ನುತ್ತಿದ್ದರು. ಉದ್ದ ಅಗಲ ಅಳೆಯುವುದಕ್ಕಲ್ಲ, ಬಣ್ಣ ಅಳೆಯುವುದಕ್ಕೆ. ಮೈ ತಾಗುವ ಯಾವ ಮರವೂ, ಅದು ಮಂಚವಾಗಲಿ, ಮಣೆಯಾಗಲಿ, ತೊಟ್ಟಿಲಾಗಲಿ, ಆ ಹಲಗೆಗಿಂತ ಕಪ್ಪಾಗಿರಕೂಡದು. ಇದು ಕಟ್ಟಳೆ. ಯಾರು ಮಾಡಿದ್ದೋ, ಯಾವಾಗ ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಟ್ಟಳೆಗೇ ಬಿಗಿ ಜಾಸ್ತಿ, ಅದು ನಿಮಗೂ ಗೊತ್ತು.

ಮರ ಮೈಯನ್ನು ಕುಡಿಯುತ್ತದೆ ಸ್ವಾಮಿ. ಕುರ್ಚಿಯ ಕೈಯ ಮೇಲೆ ಒಬ್ಬ ವರ್ಷಾನುಗಟ್ಟಲೆ ಕೈಯಿಟ್ಟು ಕೂತರೆ ಅವನ ಬೆವರು, ಅವನ ಎಣ್ಣೆ, ಅವನ ಯೋಚನೆ ಎಲ್ಲ ಅದಕ್ಕೆ ಇಳಿದು ಅಲ್ಲಿ ಕಪ್ಪಾಗುತ್ತದೆ. ಅವನು ಸತ್ತ ಮೇಲೂ ಆ ಕಪ್ಪು ಅಲ್ಲೇ ಕೂತಿರುತ್ತದೆ. ಮನೆಯವರು ಅದರ ಮೇಲೆ ಕೈಯಿಟ್ಟು ಗೊಳೋ ಅನ್ನುತ್ತಾರೆ. ಅದಕ್ಕೇ ಆ ಊರಿನವರು ಹೆರೆಯುತ್ತಿದ್ದರು. ಹೆರೆದ ಹೊಟ್ಟು ಕೆರೆಗೆ ಬೀಳುತ್ತಿತ್ತು. ಹೊಟ್ಟಿನ ಜೊತೆಗೆ ಕೂತಿದ್ದವನೂ ಹೋಗುತ್ತಿದ್ದ. ಹೆರೆದ ಮರುದಿನ ಮನೆಯವರಿಗೆ ಅವನ ದನಿ ಮರೆಯುತ್ತಿತ್ತು, ಆಮೇಲೆ ಮುಖ, ಆಮೇಲೆ ಹೆಸರು. ಮರ ತಿಳಿಯಾದ ಹಾಗೆ ಮನಸ್ಸೂ ತಿಳಿಯಾಗುತ್ತಿತ್ತು. ಊಟ ಮಾಡಿ, ಕೈ ತೊಳೆದು, ಹಾಯಾಗಿ ಮಲಗುತ್ತಿದ್ದರು.

ಇನ್ನೊಂದು ವಿಚಿತ್ರ ಕೇಳಿ. ಆ ಅಳತೆಯ ಹಲಗೆ ವರ್ಷದಿಂದ ವರ್ಷಕ್ಕೆ ತಾನೇ ತಿಳಿಯಾಗುತ್ತಿತ್ತು. ಇಡೀ ದಿನ ಬಿಸಿಲಿಗೆ ನೇತುಹಾಕಿದ ಮರ ಬಿಳಚದೆ ಇನ್ನೇನಾಗುತ್ತದೆ? ಕೂಸಿಗೂ ತಿಳಿಯುವ ಮಾತು. ಆದರೆ ಆ ಊರಿನವರು ಕೈ ಮುಗಿದು, "ನೋಡ್ರಪ್ಪಾ, ಹಲಗೆ ಈ ವರ್ಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ನಾವೇ ಹಿಂದೆ ಬಿದ್ವಿ" ಅನ್ನುತ್ತಿದ್ದರು. ಹೋದ ವರ್ಷ ಹೆರೆದದ್ದನ್ನೇ ಈ ವರ್ಷ ಮತ್ತೆ ಹೆರೆಯುತ್ತಿದ್ದರು. ಕುರ್ಚಿಯ ಕಾಲು ಕಡ್ಡಿಯಾದವು. ಮಣೆ ಹಪ್ಪಳವಾದವು. ಮದುವೆಯ ಮಂಚ ಮಗ್ಗುಲು ಬದಲಿಸಿದರೆ ಮುರಿಯುತ್ತದೆ ಅಂತ ಹೊಸ ಜೋಡಿಗಳು ನೆಲದ ಮೇಲೆ ಚಾಪೆ ಹಾಸಿಕೊಂಡವು.

ಆ ಊರಲ್ಲಿ ಹೆರೆಯುವಾಕೆ ಒಬ್ಬಳಿದ್ದಳು. ಈ ಕತೆ ಅವಳದು. ಅವಳ ತಾಯಿಯೂ ಹೆರೆಯುವಾಕೆಯೇ, ಅಜ್ಜಿಯೂ ಹೆರೆಯುವಾಕೆಯೇ. ಮೊದಲು ಸೌಳು ನೀರು ಹಾಕಿ ಮರವನ್ನು ನೆನೆಸುವಳು. ಗಾಜಿನ ಚೂರಿನಿಂದ ಎಳೆ ಹಿಡಿದು ಹೆರೆಯುವಳು. ಹುಣಸೆಹುಳಿ ಬಳಿದು ಒಣಗಿಸುವಳು. ಕೊನೆಗೆ ಬಿಳಿ ಮೇಣ ತಿಕ್ಕುವಳು. ಹೆರೆಯುವಾಗ ಒಂದು ಪದ ಹೇಳುವಳು:

"ಹೋಗು ಕಪ್ಪೇ ಹೋಗು, ಹೊಟ್ಟಾಗಿ ಹೋಗು, ಉಳಿದವರಿಗೆ ತಿಳಿಯಾಗು."

ಅವಳ ಕೈಗೆ ಸಿಕ್ಕ ಮರ ನೆನೆದ ಅಕ್ಕಿಯ ಹಾಗೆ ಬೆಳ್ಳಗಾಗುತ್ತಿತ್ತು. ಅವಳ ಅಂಗೈ ಮಾತ್ರ ಕಪ್ಪು. ಹೆರೆಯುವವರ ಕೈ ಹಾಗೇ ಅಂತ ಯಾರೂ ಅದರ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಒಂದು ದಿನ ಎದುರುಮನೆಯಾಕೆ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ನನ್ನ ಮಂಚ ಯಾಕೆ ಇಷ್ಟು ಅಗಲ ಇದೆ? ಒಬ್ಬಳೇ ಮಲಗೋಳು ನಾನು. ಇಷ್ಟು ಅಗಲ ಯಾವ ಪುಣ್ಯಾತ್ಮ ಮಾಡಿಸಿದ್ದೋ."

ಹೆರೆಯುವಾಕೆಗೆ ಗೊತ್ತಿತ್ತು. ಆ ಮಂಚದ ಬಲಗಡೆ ಒಬ್ಬ ಭಾರೀ ಗಂಡಸು ಮಲಗುತ್ತಿದ್ದ, ಊರಿಗೆಲ್ಲ ಕೇಳುವ ಹಾಗೆ ಗೊರಕೆ ಹೊಡೆಯುತ್ತಿದ್ದ, ಹೆಂಡತಿಯನ್ನು 'ನನ್ನ ಗುಬ್ಬಿ' ಅನ್ನುತ್ತಿದ್ದ. ಅವನ ಬೆನ್ನಿನ ಕಪ್ಪನ್ನು ಅವಳೇ ಹೆರೆದಿದ್ದಳು.

"ಗೊತ್ತಿಲ್ಲ ಕಣಮ್ಮ," ಅಂದಳು. "ಬಡಗಿ ತಪ್ಪಿರಬೇಕು."

"ಹಂಗೇ ಇರ್ಬೇಕು," ಅಂತ ಎದುರುಮನೆಯಾಕೆ ನಕ್ಕು ಹೋದಳು.

ಹೆರೆಯುವಾಕೆ ಒಳಗೆ ಬಂದು ರಾಗಿ ತುಂಬಿದ ಮಣ್ಣಿನ ವಾಡೆಯ ಬಾಯಿಗೆ ಕೈ ಹಾಕಿದಳು. ಮೊಣಕೈವರೆಗೆ, ಭುಜದವರೆಗೆ ಇಳಿಸಿದಳು. ತಳದಲ್ಲಿ ಬೆರಳಿಗೆ ಒಂದು ಮರ ತಾಗಿತು. ಪುಟ್ಟೀರಿಯ ಮಣೆ.

ಪುಟ್ಟೀರಿ ಅವಳ ಮಗಳು. ಆ ಊರಲ್ಲಿ ಸತ್ತವರ ಪೈಕಿ ನನ್ನವರೆಗೆ ಬಂದ ಹೆಸರು ಅವಳೊಬ್ಬಳದೇ, ಅದಕ್ಕೇ ಈ ಕತೆಯಲ್ಲೂ ಹೆಸರು ಇರುವುದು ಅವಳೊಬ್ಬಳಿಗೇ. ನಿಂತಲ್ಲಿ ನಿಲ್ಲದ ಹುಡುಗಿ. ಊಟಕ್ಕೆ ಕೂತರೆ ಮಣೆಯ ಮೇಲೆ ಹಿಮ್ಮಡಿ ಕುಟ್ಟುತ್ತಿದ್ದಳು, ಎರಡು ತುತ್ತಿನ ನಡುವೆ ಡಬಡಬ, ಡಬಡಬ. ಆ ಹಿಮ್ಮಡಿಗಳ ಕಪ್ಪು ಮಣೆಯಲ್ಲಿ ಎರಡು ಕಾಸಿನಷ್ಟಗಲ ಕೂತಿತ್ತು. ಒಂದು ಜ್ವರ ಬಂತು, ಹುಡುಗಿಯನ್ನು ಕರಕೊಂಡು ಹೋಯಿತು. ಅವಳ ತೊಟ್ಟಿಲನ್ನು ತಾಯಿಯೇ ಹೆರೆದಳು, ಅವಳ ಪುಟ್ಟ ಮಂಚವನ್ನೂ ಹೆರೆದಳು. ಹೆರೆದ ಮೂರನೇ ದಿನ ಅವಳ ಗಂಡ ಹಿತ್ತಿಲಲ್ಲಿ ಸಣ್ಣ ಲಂಗವೊಂದನ್ನು ಎತ್ತಿ ಹಿಡಿದು, "ಇದು ಯಾರದೇ? ನಮಗೆ ಮಕ್ಕಳಿಲ್ಲವಲ್ಲ" ಅಂದ. ಅವನ ಮುಖದಲ್ಲಿ ಒಂದು ಗೆರೆ ನೋವಿರಲಿಲ್ಲ. ಅದನ್ನು ಕಂಡು ಅವಳು ಮಣೆಗೆ ಗಾಜು ತಾಗಿಸಲಿಲ್ಲ. ವಾಡೆಯ ತಳದಲ್ಲಿ ಹೂತಿಟ್ಟಳು. ಈ ಮಣೆ ಇರುವವರೆಗೆ ಮಗಳು ನನಗೆ ಇರುತ್ತಾಳೆ, ಮಣೆ ಹೋದ ದಿನ ನಾನೂ ಲಂಗ ಎತ್ತಿ ಹಿಡಿದು ಯಾರದಿದು ಅಂತ ಕೇಳುತ್ತೇನೆ. ಇದೊಂದೇ ಅವಳ ಭಯ.

ಭಯಪಟ್ಟದ್ದು ನಡೆಯದೆ ಇರುತ್ತದೆಯೇ? ಆ ವರ್ಷ ರಾಗಿ ಕಡಿಮೆಯಾಯಿತು. ವರ್ಷಕ್ಕೊಮ್ಮೆ ಮನೆಮನೆಯ ಮರ ನೋಡುವ ಅಳತೆಯ ದಿನ ಹತ್ತಿರ ಬಂದಾಗ ವಾಡೆ ತಳ ಕಂಡಿತು. ಗಂಡ ರಾಗಿ ತೆಗೆಯಲು ಕೈ ಹಾಕಿದ, ಕೈಗೆ ಮಣೆ ಬಂತು. ತಿರುಗಿಸಿ ನೋಡಿದ, ಮೂಸಿ ನೋಡಿದ, ಯಾರ ಮನೆಯ ವಸ್ತುವೋ ತಿಳಿಯಲಿಲ್ಲ. ಅವನು ಕೆಟ್ಟವನಲ್ಲ, ನ್ಯಾಯವಂತ. ನೆಟ್ಟಗೆ ಅಳತೆಯಯ್ಯನ ಹತ್ತಿರ ಹೋಗಿ, "ಅಯ್ಯಾ, ನಮ್ಮನೇಲಿ ಯಾರದೋ ಒಂದು ಕಪ್ಪು ಮಣೆ ಸೇರ್ಕೊಂಡಿದೆ" ಅಂದುಬಿಟ್ಟ.

ಅಳತೆಯಯ್ಯ ಅಂದರೆ ಹಲಗೆಯನ್ನು ಮನೆಮನೆಗೆ ಹೊತ್ತು ತಿರುಗುವ ಮುದುಕ. ಬಹಳ ಮೃದು ಮನುಷ್ಯ. ಅವನು ದನಿ ಎತ್ತಿದ್ದನ್ನು ಊರಲ್ಲಿ ಯಾರೂ ಕೇಳಿದವರಿಲ್ಲ. ಹೆರೆಯುವಾಕೆಯ ಅಂಗಳಕ್ಕೆ ಬಂದು, ಮಣೆಯನ್ನು ನೋಡಿ, ಅವಳ ತಲೆ ಸವರಿದ.

"ಪಾಪ, ಎಷ್ಟು ದಿನದಿಂದ ಇದನ್ನ ಹೊತ್ತುಕೊಂಡಿದ್ದೆಯೋ ಮಗಳೇ. ನಾಳೆ ಅಳತೆ. ಮೊದಲು ನಿನ್ನ ಮನೆಗೇ ಬರ್ತೀನಿ. ಹಗುರ ಮಾಡಿಬಿಡೋಣ."

"ಅಯ್ಯಾ, ಇದೊಂದು ಬಿಟ್ಟುಬಿಡಿ. ಕಾಲಿಗೆ ಬೀಳ್ತೀನಿ."

"ಬಿಡೋಕೆ ನಾನ್ಯಾರು ತಾಯಿ? ಹಲಗೆ ಬಿಟ್ಟರೆ ನಾನೂ ಬಿಟ್ಟೆ."

ಅಳತೆಯ ಹಿಂದಿನ ದಿನ ಹಲಗೆಯನ್ನು ಒರೆಸಿ ಶುಚಿ ಮಾಡುವ ಹಕ್ಕು ಹೆರೆಯುವಾಕೆಯದು. ಅಂದು ನಡುಮಧ್ಯಾಹ್ನ ಅವಳು ಒದ್ದೆ ಬಟ್ಟೆ ಹಿಡಿದು ಕಂಬದ ಹತ್ತಿರ ಹೋದಳು. ಊರೆಲ್ಲ ಬಿಸಿಲಿಗೆ ಬಾಗಿಲು ಹಾಕಿಕೊಂಡು ಮಲಗಿತ್ತು. ಒಂದು ನಾಯಿಯ ನೆರಳೂ ಇರಲಿಲ್ಲ. ಹಲಗೆಯನ್ನು ಕೊಕ್ಕೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಮುಂಬದಿ ಸುಣ್ಣದಷ್ಟು ಬಿಳಚಿತ್ತು. ಹಿಂಬದಿ? ಪ್ರತಿ ವರ್ಷವೂ ಅವಳು ಅದನ್ನು ನೋಡಿದ್ದಳು, ನೋಡಿ ಸುಮ್ಮನಾಗಿದ್ದಳು. ಬಿಸಿಲು ಕಾಣದ, ಕಂಬಕ್ಕೆ ಅಂಟಿಕೊಂಡಿದ್ದ ಆ ಹಿಂಬದಿ ಹಳೇ ಬೆಲ್ಲದ ಹಾಗೆ ಕಪ್ಪಗಿತ್ತು. ಹೊತ್ತು ತಿರುಗಿದ ಅಳತೆಯಯ್ಯಂದಿರ ಅಂಗೈ, ಬೆರಳು, ಬೆವರು ಎಲ್ಲ ಅಲ್ಲಿ ಕೂತಿದ್ದವು. ಊರಿಗೆಲ್ಲ ಕಪ್ಪು ಬೇಡ ಅನ್ನುವ ಹಲಗೆ ತನ್ನ ಬೆನ್ನಿನಲ್ಲಿ ಇಷ್ಟನ್ನು ಬಚ್ಚಿಟ್ಟುಕೊಂಡಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಅವಳು ಮುಂಬದಿಯನ್ನು ಒರೆಸಿದಳು, ಹಿಂಬದಿಯನ್ನು ಒರೆಸಿದಳು. ಆಮೇಲೆ ಹಲಗೆಯನ್ನು ತಿರುಗಿಸಿ ನೇತುಹಾಕಿದಳು. ಬಿಳಿ ಬದಿ ಕಂಬಕ್ಕೆ, ಕಪ್ಪು ಬದಿ ಊರಿಗೆ. ಮನೆಗೆ ಬಂದು ತಣ್ಣೀರು ಕುಡಿದು ಕೂತಳು.

ಬೆಳಗಾಯಿತು. ಅಳತೆಯಯ್ಯ ಕಣ್ಣು ಮುಚ್ಚಿ ಹಲಗೆ ಇಳಿಸಬೇಕು, ಕಣ್ಣು ಮುಚ್ಚಿಯೇ ಮೊದಲ ಮನೆಯವರೆಗೆ ನಡೆಯಬೇಕು, ಅದು ಪದ್ಧತಿ. ಅವನು ಹಾಗೇ ಬಂದ. ಹಿಂದೆ ಊರವರು ಬಂದರು. ಕಪ್ಪು ಹಲಗೆ ಎಲ್ಲರಿಗೂ ಕಾಣುತ್ತಿತ್ತು. ಅಳತೆ ಮುಗಿಯುವವರೆಗೆ ಊರು ಬಾಯಿ ಬಿಡಕೂಡದು, ಅದೂ ಪದ್ಧತಿ. ಹೆರೆಯುವಾಕೆಯ ಅಂಗಳದಲ್ಲಿ ಅವನು ಹಲಗೆಯನ್ನು ಮಣೆಯ ಪಕ್ಕ ಹಿಡಿದು ಕಣ್ಣು ತೆರೆದ.

ಮಣೆಯೇ ತಿಳಿಯಾಗಿತ್ತು.

"ಹಲಗೆ ಬಿಟ್ಟಿತಲ್ಲ ಅಯ್ಯಾ," ಅಂದಳು ಅವಳು. "ನೀವೂ ಬಿಡಿ."

ಅಳತೆಯಯ್ಯ ಹಲಗೆಯನ್ನೇ ನೋಡುತ್ತ ನಿಂತ. ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಗುಂಪಿನಿಂದ ಒಬ್ಬ ಮುದುಕಿ ಮೆಲ್ಲಗೆ ಜಾರಿಕೊಂಡು ತನ್ನ ಮನೆಗೆ ಓಡಿದಳು, ಓಡಿ ಹೋಗಿ ಸೂರಿನ ಸಂದಿಯಿಂದ ಒಂದು ಕಪ್ಪು ಮರದ ಬಾಚಣಿಗೆ ತಂದಳು. ಅದನ್ನು ಕಂಡು ಇನ್ನೊಬ್ಬ ಓಡಿದ, ಒಲೆಯ ಹಿಂದಿನಿಂದ ಒಂದು ಬುಗುರಿ ತಂದ. ಒಬ್ಬಳು ಕಡೆಗೋಲು ತಂದಳು. ಒಬ್ಬ ಊರುಗೋಲು ತಂದ. ಒಬ್ಬಳು ಸೆರಗಿನೊಳಗಿಂದ ಒಂದು ಸಣ್ಣ ಮರದ ಹಿಟ್ಟಿನ ಕೋಲು ತೆಗೆದಳು. ಶಿವನೇ! ಇಡೀ ಊರೇ ಬಚ್ಚಿಟ್ಟಿತ್ತು. ತಾನೊಬ್ಬಳೇ ಕಳ್ಳಿ ಅಂದುಕೊಂಡಿದ್ದವಳ ಅಂಗಳ ತುಂಬ ಕಪ್ಪು ಮರ ಬಂದು ಬಿದ್ದವು. ಅಳತೆ ಮುಗಿಯದಿದ್ದರೂ ಊರು ಬಾಯಿ ಬಿಟ್ಟಿತು. "ಇದು ನಮ್ಮಪ್ಪಂದು." "ಇದು ನನ್ನ ತಮ್ಮಂದು ಕಣೇ, ಎಡಗೈಲಿ ಆಡಿಸ್ತಿದ್ದ." ಎದುರುಮನೆಯಾಕೆಯೊಬ್ಬಳೇ ಬರಿಗೈಯಲ್ಲಿ ನಿಂತು ಅವರ ಮುಖ ಇವರ ಮುಖ ನೋಡುತ್ತಿದ್ದಳು. ಅವಳು ಏನನ್ನೂ ಉಳಿಸಿಕೊಂಡಿರಲಿಲ್ಲ.

ಹೆರೆಯುವಾಕೆಗೆ ಆ ಕ್ಷಣ ಎಷ್ಟು ಸಂತೋಷವಾಯಿತು ಅಂದರೆ, ಮಗಳು ಸತ್ತ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕಳು.

ಅಳತೆಯಯ್ಯ ಎಲ್ಲರೂ ತಂದು ಮುಗಿಸುವವರೆಗೆ ಕಾದ. ಆಮೇಲೆ ಹಲಗೆಯನ್ನು ನೆಲದ ಮೇಲೆ ಮಲಗಿಸಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ ಮುಟ್ಟಿದ.

"ಹಲಗೆಗೆ ದುಃಖ ಹಿಡಿದಿದೆ," ಅಂದ. "ನಿಮ್ಮ ಮನೆಗಳಲ್ಲಿ ಅಡಗಿದ್ದ ಇಷ್ಟೂ ಕಪ್ಪು ಕೂಡಿ ನಮ್ಮ ಹಲಗೆಯನ್ನ ಹೀಗೆ ಮಾಡಿದೆ. ಹೆರೆಯಬೇಕು."

"ಇಲ್ಲ ಅಯ್ಯಾ!" ಹೆರೆಯುವಾಕೆ ಕೂಗಿದಳು. "ಅದು ಹಿಂಬದಿ. ನಾನೇ ತಿರುಗಿಸಿದ್ದು. ಬೇಕಾದರೆ ಮಗುಚಿ ನೋಡಿ!"

"ಅಳತೆಗೆ ಹಿಂಬದಿ ಎಲ್ಲಿಂದ ಬಂತು ತಾಯಿ?" ಅಂದ ಅವನು. ಮಗುಚಲಿಲ್ಲ. ಊರಲ್ಲಿ ಯಾರೂ ಮಗುಚಲಿಲ್ಲ. ಕೈಯಲ್ಲಿದ್ದ ಬಾಚಣಿಗೆ, ಬುಗುರಿಗಳನ್ನು ಎಲ್ಲರೂ ಮೆಲ್ಲಗೆ ಕೆಳಗೆ ಇಟ್ಟರು, ತಮ್ಮದಲ್ಲ ಅನ್ನುವ ಹಾಗೆ.

ಹೆರೆಯುವವರು ಇನ್ಯಾರಿದ್ದಾರೆ? ಅವಳೇ. ಗಾಜಿನ ಚೂರನ್ನು ಅವಳ ಕೈಗಿಟ್ಟರು. ಸೌಳು ನೀರನ್ನು ಗಂಡನೇ ತಂದು ಪಕ್ಕದಲ್ಲಿಟ್ಟ. ಹಿಂಬದಿ ಹೋದರೆ ಹೋಗಲಿ, ಮುಂಬದಿ ಇದೆಯಲ್ಲ ಅಂದುಕೊಂಡು ಅವಳು ಹೆರೆಯತೊಡಗಿದಳು. ಕಪ್ಪು ಎದ್ದಿತು, ಅದರ ಕೆಳಗೂ ಕಪ್ಪೇ ಇತ್ತು. ಇನ್ನೂ ಹೆರೆದಳು, ಇನ್ನೂ ಕಪ್ಪು. ಆ ಹಲಗೆ ಹುಟ್ಟಿನಿಂದಲೇ ಕಪ್ಪು ಮರದ ತಿರುಳು. ಬಿಳಿ ಅಂತ ಊರು ಪೂಜಿಸಿದ್ದು ಬಿಸಿಲು ಬಳಿದ ಒಂದು ಪೊರೆ ಮಾತ್ರ. ಅವಳು ಹೆರೆಯುತ್ತ ಹೋದಳು, ಹಲಗೆ ಎಲೆಯಾಯಿತು, ಎಲೆಯ ಮೂಲಕ ಬೆಳಕು ಬಂತು, ಆಮೇಲೆ ಬಿಳಿಯ ಪೊರೆಯೂ ಗಾಜಿನ ತುದಿಗೆ ಸಿಕ್ಕಿ ಪುಡಿಯಾಯಿತು. ತೊಡೆಯ ಮೇಲೆ ಒಂದು ಬೊಗಸೆ ಹೊಟ್ಟು ಉಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈಗ ಮುಗಿಯಿತು, ಅಳತೆಯೇ ಇಲ್ಲದ ಮೇಲೆ ಅಳೆಯುವುದೇನು ಅಂತ ನೀವು ಅಂದುಕೊಳ್ಳುತ್ತೀರಿ. ಅವಳೂ ಹಾಗೇ ಅಂದುಕೊಂಡಳು. ಅಳತೆಯಯ್ಯ ಎದ್ದು ನಿಂತ. ಹಲಗೆ ಹಿಡಿಯುತ್ತಿದ್ದ ಹಾಗೆಯೇ ಎರಡೂ ಕೈಗಳನ್ನು ಮುಂದೆ ಚಾಚಿದ. ಕೈಗಳ ನಡುವೆ ಏನೂ ಇರಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬುವಷ್ಟು ಆನಂದ.

"ನೋಡಿ, ಹಲಗೆ ಕೊನೆಗೂ ಪೂರ್ತಿ ತಿಳಿಯಾಯಿತು."

ಆ ಬರಿಗೈಗಳ ನಡುವಿನ ಬಯಲನ್ನು ಅವನು ಮಣೆಯ ಪಕ್ಕ ಹಿಡಿದ. ಆ ಬಯಲಿಗೆ ಹೋಲಿಸಿದರೆ ಯಾವ ಮರ ಕಪ್ಪಲ್ಲ ಹೇಳಿ? ಮಣೆ ಕಪ್ಪು. ಬಾಚಣಿಗೆ ಕಪ್ಪು. ಬುಗುರಿ ಕಪ್ಪು. ಹೆರೆದು ಹೆರೆದು ಹಪ್ಪಳವಾಗಿದ್ದ ಊರಿನ ಎಲ್ಲ ಮಂಚ, ಎಲ್ಲ ಕುರ್ಚಿ, ಎಲ್ಲ ತೊಟ್ಟಿಲೂ ಕಪ್ಪು.

ಅವಳು ಹೆರೆದಳು. ಹೆರೆಯದಿದ್ದರೆ ಬೇರೆಯವರು ಹೆರೆಯುತ್ತಿದ್ದರು, ಮಗಳನ್ನು ಅನ್ಯರ ಕೈಗೆ ಹೇಗೆ ಕೊಡುವುದು? ಅಂದು ಅವಳು ಪದ ಹೇಳಲಿಲ್ಲ. ಪುಟ್ಟೀರಿ, ಪುಟ್ಟೀರಿ ಅಂತ ಮಾತ್ರ ಹೇಳಿಕೊಂಡಳು, ಇನ್ನು ಹೇಳಲು ಆಗುವುದಿಲ್ಲವಲ್ಲ ಅಂತ. ಎಡ ಹಿಮ್ಮಡಿಯ ಕಪ್ಪು ಹೋಯಿತು. ಬಲ ಹಿಮ್ಮಡಿಯ ಕಪ್ಪು ಹೋಯಿತು. ಮಣೆ ಹೋಯಿತು. ನಿಮ್ಮ ಕಣ್ಣೆದುರೇ ಕಂದನನ್ನು ಎರಡನೇ ಸಲ ಹೂಳಿದ ಹಾಗೆ ಅದು, ಅದನ್ನು ನಾನು ಬಾಯಲ್ಲಿ ಹೇಳಲಾರೆ. ಮಳೆಗಾಲ ಬರುವ ಹೊತ್ತಿಗೆ ಊರಿನ ಮರಗೆಲಸವೆಲ್ಲ ಹೊಟ್ಟಾಗಿ ಕೆರೆ ಸೇರಿತು. ಜನ ಬರಿ ನೆಲದ ಮೇಲೆ ಉಂಡರು, ಬರಿ ನೆಲದ ಮೇಲೆ ಮಲಗಿದರು, ಹಗುರವಾಗಿದ್ದರು. ಬುಗುರಿ ತಂದವನಿಗೆ ತಮ್ಮನಿದ್ದ ಅನ್ನುವುದೂ ನೆನಪಿರಲಿಲ್ಲ.

ಹೆರೆಯುವಾಕೆ ಮರೆವು ಬರುವುದನ್ನು ಕಾದಳು. ಮೊದಲು ದನಿ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಬೆಳಗ್ಗೆ ಎದ್ದಳು, ಡಬಡಬ ಕೇಳುತ್ತಿತ್ತು. ಮರುದಿನವೂ ಕೇಳುತ್ತಿತ್ತು. ಮುಖ ಹೋಗಲಿಲ್ಲ. ಹೆಸರು ಹೋಗಲಿಲ್ಲ. ಆಗ ಅವಳು ತನ್ನ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಮಣೆಯಲ್ಲಿದ್ದದ್ದೆಲ್ಲ ಹೊಟ್ಟಿನ ಜೊತೆ ಹೋಗಿರಲಿಲ್ಲ, ಹೆರೆದ ಕೈಗೆ ಇಳಿದಿತ್ತು. ಮಗಳ ಜೊತೆಗೆ ಬಾಚಣಿಗೆಯವಳು, ಬುಗುರಿಯವನು, ಊರುಗೋಲಿನವನು, ಊರಿನ ಸತ್ತವರೆಲ್ಲ ಅಲ್ಲಿದ್ದರು. ಇಷ್ಟು ವರ್ಷ ಅವಳು ಮಗಳನ್ನು ರಾಗಿಯೊಳಗೆ ಹುಡುಕಿದ್ದಳು.

ಅವಳಿಗೆ ತಡೆಯಲಾಗಲಿಲ್ಲ. ಎದುರುಮನೆಗೆ ಓಡಿದಳು.

"ಅಮ್ಮಯ್ಯಾ, ನಿನ್ನ ಮಂಚ ಯಾಕೆ ಅಗಲ ಇತ್ತು ಅಂತ ಕೇಳಿದ್ದೆಯಲ್ಲ. ಸುಳ್ಳು ಹೇಳಿದೆ ನಿನಗೆ. ಇಲ್ಲಿ ನೋಡು, ಕೈ ಹಿಡಿ."

ಎದುರುಮನೆಯಾಕೆ ಅನುಮಾನಿಸುತ್ತಲೇ ಆ ಅಂಗೈಯನ್ನು ತನ್ನ ಕೆನ್ನೆಗೆ ತಾಗಿಸಿಕೊಂಡಳು.

"ಗುಬ್ಬಿ," ಅಂದಳು. "ನನ್ನ ಗುಬ್ಬಿ ಅಂತಿದ್ರು."

ಆಮೇಲೆ ಅವಳು ಅತ್ತಳು. ಆ ಊರಲ್ಲಿ ಎಷ್ಟೋ ತಲೆಮಾರಿನಿಂದ ಕೇಳದ ಸದ್ದು ಅದು. ಜನ ಕೆಲಸ ಬಿಟ್ಟು ಬೀದಿಗೆ ಬಂದು, ಇದು ಯಾವ ಪ್ರಾಣಿ ಅಂತ ಕಿವಿಗೊಟ್ಟರು. ಅವಳು ಬೆಳಗಿನಿಂದ ಅತ್ತಳು, ಉಣ್ಣದೆ ಅತ್ತಳು, ಮಂಚವಿದ್ದ ನೆಲದಲ್ಲಿ ಗಂಡ ಮಲಗುತ್ತಿದ್ದ ಕಡೆ ಕೈಯಾಡಿಸಿಕೊಂಡು ಅತ್ತಳು. ಅಭ್ಯಾಸವಿಲ್ಲದವಳಿಗೆ ಅಷ್ಟೊಂದು ನೋವು ಒಮ್ಮೆಲೇ ಬಂದರೆ ಹೇಗೆ ತಾಳುತ್ತಾಳೆ? ಸಂಜೆಯಾಗುತ್ತಲೇ ಎದ್ದು, ಕಂಬ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಅಳತೆಯಯ್ಯನ ಮನೆಗೆ ಹೋದಳು. "ಅಯ್ಯಾ, ಎದೆ ಒಡೀತಿದೆ. ಅವಳ ಕೈಯಿಂದ ಬಂತು. ತೆಗೆದುಬಿಡಿ ಅಯ್ಯಾ" ಅಂದಳು. ಅವಳದೂ ತಪ್ಪು ಅನ್ನಲು ನನಗೆ ನಾಲಗೆ ಏಳದು.

ಅಳತೆಯಯ್ಯ ಬಂದ. ಹಿಂದೆ ಊರು ಬಂತು. ಹೆರೆಯುವಾಕೆ ತನ್ನ ಅಂಗಳದಲ್ಲಿ ನೆಲದ ಮೇಲೆ ಕೂತಿದ್ದಳು, ಓಡಿಹೋಗಿರಲಿಲ್ಲ. ಅವನು ಬರಿಗೈಗಳ ನಡುವಿನ ಬಯಲನ್ನು ಅವಳ ಅಂಗೈಗಳ ಪಕ್ಕ ಹಿಡಿದ. ಹಿಡಿದು ನಿಟ್ಟುಸಿರು ಬಿಟ್ಟ. ಗಂಡ ಸೌಳು ನೀರು ತಂದಿಟ್ಟ. ಅವಳೇ ಮಸೆದಿದ್ದ ಗಾಜಿನ ಚೂರನ್ನು ಅಳತೆಯಯ್ಯ ಎತ್ತಿಕೊಂಡ. ಊರು ಒಕ್ಕೊರಲಿನಿಂದ ಪದ ಹಿಡಿಯಿತು:

"ಹೋಗು ಕಪ್ಪೇ ಹೋಗು, ಹೊಟ್ಟಾಗಿ ಹೋಗು, ಉಳಿದವರಿಗೆ ತಿಳಿಯಾಗು."

"ಹೆದರಬೇಡ ತಾಯಿ," ಅಂದ ಅವನು, ತುಂಬ ಮೆತ್ತಗೆ. "ಬೇಗ ಆಗಿಬಿಡುತ್ತೆ. ಮೊದಲು ಯಾವ ಕೈ?"

ಅವಳು ಎರಡೂ ಕೈಗಳನ್ನು ಒಂದು ಗಳಿಗೆ ನೋಡಿದಳು.

"ಎಡಗೈ ತಗೊಳ್ಳಿ ಅಯ್ಯಾ," ಅಂದಳು. "ಬಲಗೈ ಕೊನೆಗಿರಲಿ. ಅದರಲ್ಲಿ ಅವಳಿಗೆ ತುತ್ತು ಕೊಡ್ತಿದ್ದೆ."